ಬ್ರೂಸಾರರ ಅಮ್ಮನ ಸಿಗಡಿ

ಮೇಲಧಿಕಾರಿಯ ಜೊತೆ ಲಿಫ್ಟಿನಲ್ಲಿ ಒಬ್ಬನೇ ಸಿಕ್ಕಿಕೊಂಡ ನೌಕರ ಏನಾದರೊಂದು ಮಾತಾಡಲೇಬೇಕಾಗುತ್ತದೆ. ಜಾಣರು ಬಿಸಿಲಿನ ಬಗ್ಗೆ ಮಾತಾಡುತ್ತಾರೆ. ಕ್ಲಾರೆನ್ಸ್ ಡಿಮೆಲ್ಲೊ ಸಿಗಡಿಯ ಬಗ್ಗೆ ಮಾತಾಡಿದ.

ಅಧಿಕಾರಿ ಅಮೆರಿಕದ ಲೂಸಿಯಾನಾದವರು, ಹೆಸರು ಬ್ರೂಸಾರ್. ಹೆಸರಿನಲ್ಲೇ ಒಂದು ‘ಸಾರ್’ ಇದ್ದುದರಿಂದ ಆ ಅಬುಧಾಬಿ ಆಫೀಸಿನ ಮಂಗಳೂರಿನವರಿಗೆ ಅವರನ್ನು ಕರೆಯುವುದು ಸಲೀಸಾಗಿತ್ತು. “ರಜೆಯ ದಿನ ಏನು ಮಾಡುತ್ತೀ?” ಎಂದು ಅವರು ಸುಮ್ಮನೆ ಕೇಳಿದರು. “ಮೀನಾ ಬಂದರಿನ ಮೀನು ಮಾರ್ಕೆಟಿನಿಂದ ಸಿಗಡಿ ತರುತ್ತೇನೆ” ಎಂದು ಇವನು ಸುಮ್ಮನೆ ಹೇಳಿದ. ಬ್ರೂಸಾರ್ ನಿಟ್ಟುಸಿರುಬಿಟ್ಟರು. ತಮ್ಮ ಊರಲ್ಲಿ ಸಿಗಡಿಯ ಒಂದು ಗಟ್ಟಿ ಸಾರು ಮಾಡುತ್ತಾರೆಂದೂ, ಅಮ್ಮ ತೀರಿಕೊಂಡ ಮೇಲೆ ಅಂಥದ್ದು ನಾಲಿಗೆಗೆ ತಾಗಿಲ್ಲವೆಂದೂ ಹೇಳಿದರು. ಲಿಫ್ಟು ನೆಲ ಮುಟ್ಟುವಷ್ಟರಲ್ಲಿ ಕ್ಲಾರೆನ್ಸನ ಬಾಯಿಂದ ಮಾತು ಜಾರಿಬಿಟ್ಟಿತ್ತು: “ಶುಕ್ರವಾರ ಮಧ್ಯಾಹ್ನ ನಮ್ಮಲ್ಲಿಗೆ ಬನ್ನಿ ಸಾರ್, ನಾನೇ ಮಾಡಿ ಬಡಿಸುತ್ತೇನೆ.”

ಅವನು ಅಲ್ಲಿಯವರೆಗೆ ಸ್ವಂತವಾಗಿ ಮಾಡಿದ್ದ ಅಡುಗೆಯೆಂದರೆ ಆಮ್ಲೆಟ್ಟು. ಅದನ್ನೂ ಮನೆಯವರು ಹೊಗಳಿರಲಿಲ್ಲ.

ಮಾತು ಜಾರಿದ್ದಕ್ಕೆ ಕಾರಣವಿತ್ತು. ಕಂಪನಿಯ ನಕಾಶೆ, ಕಾಗದಪತ್ರಗಳನ್ನು ನೋಡಿಕೊಳ್ಳುವವರು ಇಬ್ಬರು: ಕ್ಲಾರೆನ್ಸ್ ಮತ್ತು ವಿಲ್ಸನ್ ಪಿಂಟೊ. ಸಮುದ್ರದ ನಡುವಿನ ದ್ವೀಪದಲ್ಲಿ ಎಣ್ಣೆಬಾವಿಯ ಹೊಸ ಕ್ಯಾಂಪು ಶುರುವಾಗಿದ್ದು, ಇಬ್ಬರಲ್ಲೊಬ್ಬ ಅಲ್ಲಿಗೆ ಹೋಗಬೇಕಿತ್ತು. ಅಲ್ಲಿ ಸಂಸಾರಕ್ಕೆ ಜಾಗವಿಲ್ಲ. ಕ್ಲಾರೆನ್ಸನ ಹೆಂಡತಿ ಜೆಸ್ಸಿ ನರ್ಸು, ಹಗಲು ರಾತ್ರಿ ಎನ್ನದೆ ಶಿಫ್ಟು. ಅವನು ದ್ವೀಪಕ್ಕೆ ಹೋದರೆ ಎರಡನೇ ಕ್ಲಾಸಿನ ಮಗಳು ಸ್ಟೇಸಿಯನ್ನು ಕಿನ್ನಿಗೋಳಿಯ ಅಜ್ಜಿಯ ಹತ್ತಿರ ಬಿಡುವುದಲ್ಲದೆ ಬೇರೆ ದಾರಿಯಿಲ್ಲ. ಯಾರನ್ನು ಕಳಿಸುವುದೆಂಬ ತೀರ್ಮಾನ ಬ್ರೂಸಾರರದು. ಅವರ ಹೊಟ್ಟೆಯ ಮೂಲಕ ಮಗಳನ್ನು ಉಳಿಸಿಕೊಳ್ಳಬಹುದೆಂದು ಕ್ಲಾರೆನ್ಸನಿಗೆ ಲಿಫ್ಟಿನಲ್ಲೇ ಹೊಳೆದುಬಿಟ್ಟಿತ್ತು.

ಶುಕ್ರವಾರ ಬೆಳಗ್ಗೆ ಪೂಜೆ ಮುಗಿಸಿ ಇಗರ್ಜಿಯಿಂದ ಬಂದವನೇ ಲುಂಗಿ ಎತ್ತಿಕಟ್ಟಿ ಒಲೆಯ ಮುಂದೆ ನಿಂತ. ಜೆಸ್ಸಿ ಸಿಗಡಿಯ ಸಿಪ್ಪೆ ಬಿಡಿಸತೊಡಗಿದಳು. ಸ್ಟೇಸಿ ಐಪ್ಯಾಡಿನಿಂದ ವಿಧಾನ ಓದಿದಳು. ಎಣ್ಣೆಗೆ ಸಮ ಮೈದಾ ಹಾಕಿ, ಸಣ್ಣ ಉರಿಯಲ್ಲಿ, ಚಾಕೊಲೇಟಿನ ಬಣ್ಣ ಬರುವವರೆಗೆ ತಿರುವುತ್ತಲೇ ಇರಬೇಕು. ಆಮೇಲೆ ಈರುಳ್ಳಿ, ಕ್ಯಾಪ್ಸಿಕಂ, ಸೆಲರಿ, ನೀರು, ಬೇಯಿಸಿದ ಮೊಟ್ಟೆ, ಕೊನೆಗೆ ಸಿಗಡಿ.

“ಪಪ್ಪಾ, ಇಟ್ ಸೇಸ್ ಡೋಂಟ್ ಸ್ಟಾಪ್ ಸ್ಟರಿಂಗ್. ನಾಟ್ ಈವನ್ ಫಾರ್ ದ ಡೋರ್‌ಬೆಲ್.”

“ತೆಂಗಿನಕಾಯಿ ಯಾವಾಗ ಹಾಕ್ಲಿಕ್ಕೆ?” ಎಂದಳು ಜೆಸ್ಸಿ.

“ನೋ ಕೋಕನಟ್, ಮಮ್ಮಾ.”

“ಹುಳಿ?”

“ನೋ.”

ಜೆಸ್ಸಿ ಸಿಗಡಿಗಳ ಕಡೆ ಮರುಕದಿಂದ ನೋಡಿದಳು. “ನೀನು ಆ ಹಿಟ್ಟು ಹುರಿದು ಮುಗಿಸುವಾಗ ನಾನು ಇದನ್ನು ಸುಕ್ಕಾ ಮಾಡಿ, ಅವರಿಗೆ ಉಣ್ಣಿಸಿ, ಪಾತ್ರೆ ಸಹ ತೊಳೆದು ಇಡ್ತಿದ್ದೆ ಕ್ಲಾರಿ.”

ಅಷ್ಟರಲ್ಲಿ ಬೆಲ್ಲು ಹೊಡೆಯಿತು.

ಖಲೀಫಾ ಸಿಟಿಯಲ್ಲಿ ಅವರಿದ್ದ ವಿಲ್ಲಾವನ್ನು ಮಾಲೀಕ ಜಿಪ್ಸಂ ಹಲಗೆಗಳಿಂದ ಹಲಸಿನ ತೊಳೆಗಳ ಹಾಗೆ ಬಿಡಿಸಿ ಬಾಡಿಗೆಗೆ ಕೊಟ್ಟಿದ್ದ. ಒಂದು ಮನೆಯಲ್ಲಿ ಸೀನಿದರೆ ಮೂರು ಮನೆಯವರು ದೇವರ ಹೆಸರು ಹೇಳುತ್ತಿದ್ದರು. ವಾಸನೆಗಂತೂ ಪಾಸ್‌ಪೋರ್ಟು ಬೇಡ. ಬಾಗಿಲಲ್ಲಿದ್ದವರು ಮಹಡಿಯ ಜಯಪಾಲನ ತಾಯಿ ಅಕ್ಕು, ವಿಸಿಟ್ ವೀಸಾದಲ್ಲಿ ಉಡುಪಿಯಿಂದ ಬಂದವರು. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಇಡೀ ಕಟ್ಟಡದ ಅಡುಗೆಗಳನ್ನು ಮೂಗಿನಿಂದಲೇ ಮೇಲ್ವಿಚಾರಣೆ ಮಾಡುವುದು ಅವರ ದಿನಚರಿ. ಊರಿನ ರೂಢಿಯಂತೆ ಕ್ರೈಸ್ತ ಗಂಡಸನ್ನು ಅವರು ಕರೆಯುವುದು ‘ಪೊರ್ಬುಳೇ’ ಎಂದು.

“ಎಂತ ಪೊರ್ಬುಳೇ, ಅಂಟು ಕಾಯಿಸ್ತಾ ಉಂಟಾ? ಗೋಡೆಗೆ ಎಂತಾದ್ರೂ ಅಂಟಿಸ್ಲಿಕ್ಕಾ?”

“ಸಾರು ಅಮ್ಮ. ಅಮೆರಿಕದ್ದು.”

ಅಕ್ಕು ಬಾಣಲೆಯೊಳಗೆ ಇಣುಕಿ ನೋಡಿದರು. ಗೋಧಿ ಬಣ್ಣಕ್ಕೆ ಬಂದಿದ್ದ ಹಿಟ್ಟು ಗುಳುಗುಳು ಎನ್ನುತ್ತಿತ್ತು.

“ಅಲ್ಲಿ ತೆಂಗು ಇಲ್ವಾ ಪಾಪ?”

“ಇಲ್ಲ ಅಮ್ಮ.”

“ಅದಕ್ಕೇ ಅವ್ರು ಎಲ್ಲ ಊರು ಬಿಟ್ಟು ಇಲ್ಲಿಗೆ ಬರುದು.” ಸೆರಗಿನ ಮರೆಯಿಂದ ಒಂದು ಬಟ್ಟಲು ಹೊರಬಂತು. ಕಾಯಿ, ಕೊತ್ತಂಬರಿ, ಮೆಣಸು ಹುರಿದು ನುಣ್ಣಗೆ ಅರೆದ ಮಸಾಲೆ. “ಇಷ್ಟು ಹಾಕಿ. ಅವ್ರಿಗೆ ಗೊತ್ತಾಗುದಿಲ್ಲ.”

ಕ್ಲಾರೆನ್ಸ್ ಎಡಗೈಯನ್ನು ಬಾಣಲೆಯ ಮೇಲೆ ಕೊಡೆಯಂತೆ ಹಿಡಿದು ಬಲಗೈಯಿಂದ ತಿರುವಿದ. ಅಕ್ಕು ಬಟ್ಟಲನ್ನು ಅಲ್ಲೇ ಕಟ್ಟೆಯ ಮೇಲೆ ಇಟ್ಟು, “ಬುದ್ಧಿ ಬಂದಾಗ ಹಾಕಿ” ಎಂದು ಹೇಳಿ ಸ್ಟೂಲು ಎಳೆದು ಕೂತರು. ಕಟ್ಟಡದ ವಾಸನೆಗಳೆಲ್ಲ ಸರಿಯಾಗುವ ತನಕ ಅವರು ಏಳುವ ಪೈಕಿಯಲ್ಲ.

ಎರಡನೆಯ ಬೆಲ್ಲು ವಿಲ್ಸನನದು. ಎದುರಿನ ತೊಳೆಯಲ್ಲಿ ವಾಸ. ಇಸ್ತ್ರಿಯ ಅಂಗಿ, ಊದು ಅತ್ತರು, ಬಾಚಿದ ತಲೆ. ಊಟಕ್ಕೆ ಅವನನ್ನು ಯಾರೂ ಕರೆದಿರಲಿಲ್ಲ.

“ಬಾಸ್ ಬರ್ತಾರಂತೆ? ನಂಗೆ ಹೇಳ್ಲೇ ಇಲ್ಲ ಮಾರಾಯ.”

“ಸಣ್ಣ ಊಟ ಅಷ್ಟೆ.”

“ಹೌದೌದು, ಊಟ. ದ್ವೀಪದಲ್ಲಿ ಸಿಗುದಿಲ್ಲ ಅಲ್ವಾ ಇಂಥದ್ದು.” ವಿಲ್ಸನ್ ಬಾಣಲೆಯನ್ನೂ ಕ್ಲಾರೆನ್ಸನನ್ನೂ ಒಂದೇ ನೋಟದಲ್ಲಿ ಅಳೆದ. “ನನಗೂ ಬೀಪಿ ಉಂಟು, ಸಮುದ್ರ ಆಗುದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ನಾನು ಹೋಗಿ ಬಾಸ್‌ಗೆ ಸಿಗಡಿ ಮಾಡಿ ಹಾಕಿದ್ನಾ?”

ಅಷ್ಟರಲ್ಲಿ ಕ್ಲಾರೆನ್ಸನಿಗೆ ಫೋನು ಬಂತು. ಬ್ರೂಸಾರರು ದಾರಿ ತಪ್ಪಿದ್ದರು. ಎಲ್ಲ ವಿಲ್ಲಾಗಳ ಬಣ್ಣವೂ ಒಂದೇ, ಜುಮ್ಮಾ ನಮಾಜಿನ ಹೊತ್ತು ಬೇರೆ. ಯಾವುದೋ ಮಸೀದಿಯ ಹತ್ತಿರ ಹಿಂದೆ ಮುಂದೆ ಕಾರುಗಳು ನಿಂತು ಅವರದು ನಡುವೆ ಸಿಕ್ಕಿಕೊಂಡಿತ್ತು.

ಹಿಟ್ಟು ಅಷ್ಟರಲ್ಲಿ ಹುರಿದ ಕಾಫಿಬೀಜದ ಬಣ್ಣಕ್ಕೆ ಬಂದಿತ್ತು. ಜೆಸ್ಸಿ ಸಿಗಡಿಯ ವಾಸನೆ ಕಳೆಯಲು ಸ್ನಾನಕ್ಕೆ ಹೋಗಿದ್ದಳು. ಸೌಟನ್ನು ಅಕ್ಕುವಿನ ಕೈಗೆ ಕೊಟ್ಟರೆ ಬಟ್ಟಲಿನ ಮಸಾಲೆ ಒಳಗೆ ಬೀಳುವುದು ಖಂಡಿತ. ಸ್ಟೇಸಿಗೆ ಒಲೆ ಎಟುಕುವುದಿಲ್ಲ. ಕ್ಲಾರೆನ್ಸ್ ಮುಳುಗುವವನು ಮೊಸಳೆಯ ಬಾಲ ಹಿಡಿಯುವಂತೆ ವಿಲ್ಸನನ ಕಡೆ ತಿರುಗಿದ.

“ಈ ಉರಿ ಹೀಗೇ ಇರ್ಲಿ. ತಿರುವುತ್ತಾ ಇರು. ಬೇರೆ ಎಂತ ಮಾಡ್ಬೇಡ. ದಮ್ಮಯ್ಯ.”

“ಯಲ್ಲಾ, ನೀನು ಹೋಗು. ನಾನಿಲ್ವಾ?” ಎಂದು ವಿಲ್ಸನ್ ಅರಬರ ಹಾಗೆ ಅವಸರಪಡಿಸಿದ.

ಕ್ಲಾರೆನ್ಸ್ ಲುಂಗಿಯಲ್ಲೇ ಓಡಿದ. ಮೂರು ಬೀದಿ ಸುತ್ತಿ ಬ್ರೂಸಾರರನ್ನು ಕಂಡುಹಿಡಿದು, ನಮಾಜು ಮುಗಿದು ಕಾರುಗಳು ಬಿಡಿಸಿಕೊಳ್ಳುವವರೆಗೆ ಬಿಸಿಲಲ್ಲಿ ಕಾದು, ಅವರನ್ನು ಕರೆದುಕೊಂಡು ಮನೆಯ ಗೇಟು ದಾಟುವಾಗಲೇ ಮೂಗಿಗೆ ವಿಷಯ ತಿಳಿಯಿತು. ಅವರನ್ನು ಹಾಲ್‌ನಲ್ಲಿ ಕೂರಿಸಿ ಅಡುಗೆಮನೆಗೆ ಧಾವಿಸಿದ. ಬಾಣಲೆಯ ಹಿಟ್ಟು ಚಾಕೊಲೇಟನ್ನು ದಾಟಿ ರಸ್ತೆಗೆ ಹಾಕುವ ಡಾಂಬರಿನ ಹಂತಕ್ಕೆ ತಲುಪಿತ್ತು. ವಿಲ್ಸನ್ ಮಾತ್ರ ಬಹಳ ಶ್ರದ್ಧೆಯಿಂದ ತಿರುವುತ್ತಿದ್ದ.

“ನೀನು ಹೇಳಿದ ಹಾಗೆಯೇ ಮಾಡಿದ್ದು ಮಾರಾಯ. ಕೈ ನಿಲ್ಲಿಸ್ಲೇ ಇಲ್ಲ.”

“ಅಂಕಲ್ ಮೇಡ್ ದ ಫೈರ್ ಬಿಗ್,” ಎಂದಳು ಸ್ಟೇಸಿ.

“ಮಕ್ಕಳು,” ಎಂದು ವಿಲ್ಸನ್ ನಕ್ಕ.

ಅಕ್ಕು ಯಾರ ಪರವೂ ವಹಿಸಲಿಲ್ಲ. “ಒಂದು ಬೆಂಕಿಪೊಟ್ಟಣದಷ್ಟು ಕಾಯಿ ಹಾಕಿದ್ರೆ ಇದು ಆಗ್ತಿತ್ತಾ?” ಎಂದಷ್ಟೇ ಕೇಳಿದರು.

ಇನ್ನೊಮ್ಮೆ ಹಿಟ್ಟು ಹುರಿಯಲು ಸಮಯವಿರಲಿಲ್ಲ, ಮೈದಾ ಕೂಡ ಇರಲಿಲ್ಲ. ಒದ್ದೆ ತಲೆಗೆ ಟವೆಲು ಸುತ್ತಿ ಓಡಿಬಂದ ಜೆಸ್ಸಿ ಬಾಣಲೆಯನ್ನೂ ಗಂಡನ ಮುಖವನ್ನೂ ನೋಡಿ, ನರ್ಸುಗಳಿಗೆ ಮಾತ್ರ ಸಾಧ್ಯವಾಗುವ ಶಾಂತಿಯಿಂದ ಈರುಳ್ಳಿ, ಕ್ಯಾಪ್ಸಿಕಂ, ಸೆಲರಿ, ನೀರು, ಮೊಟ್ಟೆ, ಸಿಗಡಿ ಎಲ್ಲವನ್ನೂ ಸಾಲಾಗಿ ಸುರಿದಳು. “ಬದುಕಿದ್ರೆ ಬದುಕ್ತದೆ” ಎಂದಳು.

ಬದುಕಲಿಲ್ಲ. ಕ್ಲಾರೆನ್ಸ್ ಒಂದು ಚಮಚ ರುಚಿ ನೋಡಿದ. ಹಳೆಯ ಬಸ್ಸಿನ ಹಿಂದೆ ಸ್ಕೂಟರಿನಲ್ಲಿ ಹೋದಂತಾಯಿತು.

ಬ್ರೂಸಾರರು ನೆರೆಯವನೆಂದು ವಿಲ್ಸನನನ್ನೂ ಮೇಜಿಗೆ ಕರೆದು ಕೂರಿಸಿಕೊಂಡರು. ಬಿಳಿ ಅನ್ನದ ಮೇಲೆ ಕಪ್ಪು ಸಾರು ಬಿತ್ತು. ಕ್ಲಾರೆನ್ಸನ ಕಣ್ಣಿಗೆ ಕಿನ್ನಿಗೋಳಿಯ ಬಸ್‌ಸ್ಟ್ಯಾಂಡು, ಅಲ್ಲಿ ಅಜ್ಜಿಯ ಕೈ ಹಿಡಿದು ನಿಂತ ಸ್ಟೇಸಿ ಕಂಡಳು. ವಿಲ್ಸನ್ ಕರವಸ್ತ್ರವನ್ನು ಮಡಿಲಿಗೆ ಹಾಕಿಕೊಂಡು, ಸಿನಿಮಾ ಶುರುವಾಗಲು ಕಾಯುವವನಂತೆ ಕೂತಿದ್ದ.

ಬ್ರೂಸಾರರು ಒಂದು ತುತ್ತು ತಿಂದರು. ಚಮಚ ಕೆಳಗಿಟ್ಟರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ನಾವು ಏಳು ಮಕ್ಕಳು,” ಎಂದರು. “ಅಮ್ಮ ಹಿಟ್ಟು ಹುರಿಯುವಾಗಲೇ ನಮ್ಮಲ್ಲೊಬ್ಬ ಮರದಿಂದ ಬೀಳುತ್ತಿದ್ದ. ಆಕೆ ಓಡಿ ಬಂದು ಬಿದ್ದವನನ್ನು ಎತ್ತಿ, ಎರಡೇಟು ಹಾಕಿ ವಾಪಸು ಹೋಗುವಾಗ ಹಿಟ್ಟು ಸೀದಿರುತ್ತಿತ್ತು. ಪ್ರತಿ ಸಲವೂ. ನಮ್ಮೂರಿನ ಎಲ್ಲ ಹೋಟೆಲಿನಲ್ಲೂ ತಿಂದು ನೋಡಿದೆ. ಎಲ್ಲರೂ ಸರಿಯಾಗಿ ಮಾಡುತ್ತಾರೆ. ಸೀಯಿಸಲು ಯಾರಿಗೂ ಬರುವುದಿಲ್ಲ.”

ಅವರು ಎರಡನೆಯ ಸಲ ಬಡಿಸಿಕೊಂಡರು, ಮೂರನೆಯ ಸಲ ಬಾಣಲೆಯನ್ನೇ ತರಲು ಹೇಳಿದರು. ಬಾಗಿಲ ಸಂದಿಯಿಂದ ನೋಡುತ್ತಿದ್ದ ಅಕ್ಕು, “ಪಾಪ, ಎಷ್ಟು ದಿವಸ ಆಯ್ತೋ ಉಂಡು” ಎಂದು ಜೆಸ್ಸಿಯ ಕಿವಿಯಲ್ಲಿ ಹೇಳಿದರು. ವಿಲ್ಸನನ ಮುಖ ಇಳಿಯುತ್ತಾ ಹೋಯಿತು. ಕ್ಲಾರೆನ್ಸ್ ಬೆಳಗ್ಗಿನಿಂದ ಮೊದಲ ಬಾರಿ ಕುರ್ಚಿಗೆ ಬೆನ್ನು ಕೊಟ್ಟು ಕೂತ.

“ಈಗ ಹೇಳಬಹುದು,” ಎಂದರು ಬ್ರೂಸಾರ್ ಬಾಯಿ ಒರೆಸುತ್ತಾ. “ದ್ವೀಪಕ್ಕೆ ವಿಲ್ಸನ್ ಎಂದು ಹೋದ ವಾರವೇ ತೀರ್ಮಾನ ಮಾಡಿದ್ದೆ. ಕ್ಲಾರೆನ್ಸನಿಗೆ ಚಿಕ್ಕ ಮಗಳಿದ್ದಾಳಲ್ಲ. ಆದರೆ ನಿನ್ನೆ ಕಂಪನಿಯವರು ನನ್ನನ್ನೇ ಆ ಕ್ಯಾಂಪಿನ ಮುಖ್ಯಸ್ಥನನ್ನಾಗಿ ಕಳಿಸುವುದೆಂದು ಹೇಳಿದರು. ಎರಡು ವರ್ಷ. ಅಲ್ಲಿನ ಮೆಸ್ಸಿನ ಊಟ ನೆನೆದು ರಾತ್ರಿ ನಿದ್ದೆ ಬರಲಿಲ್ಲ.” ಅವರು ಕ್ಲಾರೆನ್ಸನ ಹೆಗಲ ಮೇಲೆ ಕೈಯಿಟ್ಟರು. “ಇಂದು ನಿದ್ದೆ ಬರುತ್ತದೆ. ನೀನು ನನ್ನ ಜೊತೆ ಬಾ.”

ಕ್ಲಾರೆನ್ಸ್ ಎದ್ದು ನಿಂತ.

“ಸಾರ್, ಹಿಟ್ಟು ಹುರಿದದ್ದು ನಾನಲ್ಲ. ವಿಲ್ಸನ್. ಈ ರುಚಿ ಅವನದ್ದು.”

ವಿಲ್ಸನ್ ಎದೆಯ ಮೇಲೆ ಕೈಯಿಟ್ಟುಕೊಂಡ. “ಛೆ, ಇಲ್ಲ ಸಾರ್. ನಾನು ಸೌಟು ಹಿಡ್ಕೊಂಡು ನಿಂತದ್ದಷ್ಟೆ. ಸಣ್ಣ ಉರಿ ಇಟ್ಟು ಹೋಗಿದ್ದ, ಹಾಗೆಯೇ ಇತ್ತು. ಇವನು ಸಣ್ಣಂದಿನಿಂದ ಹೀಗೆಯೇ, ತನ್ನ ದೊಡ್ಡತನ ಹೇಳಿಕೊಳ್ಳುವುದೇ ಇಲ್ಲ.”

“ಅಂಕಲ್ ಮೇಡ್ ಇಟ್ ಬಿಗ್,” ಎಂದಳು ಸ್ಟೇಸಿ ಗಟ್ಟಿಯಾಗಿ. “ಐ ಸಾ.”

ಬ್ರೂಸಾರರ ಮುಖ ಮೃದುವಾಯಿತು. ಅಪ್ಪನನ್ನು ಬಿಟ್ಟಿರಲಾಗದ ಮಗು ಏನು ತಾನೇ ಹೇಳುವುದಿಲ್ಲ ಎಂಬಂತೆ ಅವಳ ತಲೆ ನೇವರಿಸಿ, ಅಮ್ಮನ ರುಚಿಯನ್ನು ಡಬ್ಬಿಯಲ್ಲಿ ತುಂಬಿಸಿಕೊಂಡು, ಕ್ಲಾರೆನ್ಸನ ವಿನಯವನ್ನು ಇನ್ನೊಮ್ಮೆ ಹೊಗಳಿ ಹೊರಟುಹೋದರು.

ಜೆಸ್ಸಿ ಬಾಣಲೆಗೆ ನೀರು ಹಾಕಿ ನೆನೆಯಲು ಇಟ್ಟಳು. ಸ್ಟೇಸಿ ಅವಳ ಸೆರಗು ಹಿಡಿದು ನಿಂತಳು. ಅಕ್ಕು ತಮ್ಮ ಬಟ್ಟಲು ಎತ್ತಿಕೊಂಡು ಮಹಡಿ ಹತ್ತಿದರು. ಮನೆಗೆ ಹೋಗಲು ಚಪ್ಪಲಿ ಹಾಕಿಕೊಳ್ಳುತ್ತಿದ್ದ ವಿಲ್ಸನನನ್ನು ಕ್ಲಾರೆನ್ಸ್ ಬಾಗಿಲಲ್ಲಿ ತಡೆದ.

“ವಿಲ್ಸನ್, ನನಗೆ ಸಿಟ್ಟಿಲ್ಲ. ದೇವರಾಣೆ ಇಲ್ಲ. ಆದದ್ದು ಆಯ್ತು. ಅಲ್ಲಿ ಹೋಗಿ ನಾನು ಇದನ್ನು ಎರಡು ವರ್ಷ ಮಾಡ್ಬೇಕು, ಇದೇ ರುಚಿ ಬರ್ಬೇಕು. ಒಂದು ಹೇಳು: ಗ್ಯಾಸು ಎಷ್ಟು ದೊಡ್ಡದು ಮಾಡಿದ್ದೆ?”

ವಿಲ್ಸನ್ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡು, ಅರ್ಥವಾಗದವನಂತೆ ಮುಖ ಎತ್ತಿದ.

“ಯಾವ ಗ್ಯಾಸು ಮಾರಾಯ?”