ಮಿಕ್ಸಿಗೂ ಸಹಿ ಮಾಡೋಕೆ ಬರುತ್ತೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕೂ ತಾಲ್ಲೂಕಿಗೆ ಕರೆಂಟು ಕೊಟ್ಟವನು ನಾನು.

ಸುಳ್ಳು. ನಾನು ಬರೀ ಲೈನ್‌ಮನ್. ಕೊಟ್ಟಿದ್ದಕ್ಕಿಂತ ಕಿತ್ತಿದ್ದೇ ಹೆಚ್ಚು. ಆದರೆ ಕಂಬ ಹತ್ತುವವನಿಗೆ ಕಾಂಪೌಂಡಿನಾಚೆಯದೆಲ್ಲ ಕಾಣುತ್ತದಲ್ಲ, ಹಾಗಾಗಿ ತಮಾಷೆಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಬರದಿದ್ದರೆ ನಾನೇ ಹೋಗಿ ಕರೆದುಕೊಂಡು ಬರುತ್ತೇನೆ.

ಊರೂರಿಗೂ ಕಾರ್ಖಾನೆ ಬರುತ್ತಿದ್ದ ಕಾಲ. ಯಾರು ಎಲ್ಲಿ ಏನು ಓಡಿಸುತ್ತಾರೆ ಅಂತ ಗೊತ್ತಾಗದೆ ಟ್ರಾನ್ಸ್‌ಫಾರ್ಮರ್‌ಗಳು ಸುಟ್ಟುಹೋಗುತ್ತಿದ್ದವು. ಆಗ ಬೆಂಗಳೂರಿಂದ ಒಬ್ಬರು ಇಂಜಿನಿಯರ್ ಮೇಡಂ ಪೆಟ್ಟಿಗೆಯೊಂದನ್ನು ತಂದರು. ಅದನ್ನು ಲೈನಿಗೆ ತಗುಲಿಸಿದರೆ ಸಾಕು, ಅಲ್ಲಿ ಏನೇನು ಓಡುತ್ತಿದೆಯೋ ಅದರ ಹೆಸರೆಲ್ಲ ಪರದೆಯ ಮೇಲೆ ಬರುತ್ತದೆ.

"ಕರೆಂಟು ಅಲೆ ಥರ ಬರುತ್ತೆ ಅಣ್ಣ. ಒಂದೊಂದು ಮಿಷನ್ನೂ ಅದನ್ನ ಒಂದೊಂದು ಥರ ನಡುಗಿಸುತ್ತೆ. ಆ ನಡುಕದ ಫ್ರೀಕ್ವೆನ್ಸಿನೇ ಅದರ ಸಿಗ್ನೇಚರ್. ಒಂದ್ಸಲ ಪರಿಚಯ ಮಾಡಿಸಿದ್ರೆ ಪೆಟ್ಟಿಗೆ ಮರೆಯಲ್ಲ" ಅಂದರು. ತಮ್ಮ ಇಸ್ತ್ರಿಪೆಟ್ಟಿಗೆ, ಟೀವಿ, ಹೇರ್ ಡ್ರೈಯರ್, ಕೊನೆಗೆ ನಮ್ಮನೆ ಮಿಕ್ಸಿಯನ್ನೂ ಅದಕ್ಕೆ ಪರಿಚಯ ಮಾಡಿಸಿದ್ದರು. ದೊಡ್ಡ ಸಾಹೇಬರು ನೋಡಲು ಬರುವ ದಿನ ಒಂದು ಹೆಸರು ತಪ್ಪಿದರೂ ಪೆಟ್ಟಿಗೆ ಗುಜರಿಗೆ, ಮೇಡಂ ಪಟ್ಟ ಪಾಡೆಲ್ಲ ನೀರಿಗೆ. ಇಂಥವರಿಗೆ ಸಹಾಯಕ್ಕೆ ಅಂತ ಆಫೀಸು ಕೊಟ್ಟದ್ದು ನನ್ನನ್ನು. ಪಾಪ.

ಹೆಬ್ಬೆಟ್ಟು

ಚನ್ನಪಟ್ಟಣದ ಬೊಂಬೆ ಮಾಡುವವರ ಬೀದಿಗೆ ಹಿಂದಿನ ದಿನವೇ ಹೋಗಿ ಸಾರಿದ್ದೆ: "ನಾಳೆ ಮೇಡಂ ಬತ್ತಾರೆ. ನಿಮ್ ಮಿಷನ್ನುಗಳೆಲ್ಲ ಸಹಿ ಮಾಡ್ಬೇಕಂತೆ, ಸ್ಟಾಂಪ್ ಪ್ಯಾಡ್ ಮಡಗಿರಿ."

ಮಾರನೆಯ ದಿನ ಬೊಂಬೆ ಕಡೆಯುವ ಹಿರಿಯ ಚಾಚಾ ಒಬ್ಬರು ಲೇತಿನ ಪಕ್ಕ ಸ್ಟಾಂಪ್ ಪ್ಯಾಡ್ ಇಟ್ಟುಕೊಂಡು ಕೂತಿದ್ದರು. "ಮೇಡಂ, ನಮ್ ಲೇತು ಸ್ಕೂಲಿಗೆ ಹೋಗಿಲ್ಲ, ಸಹಿ ಬರಲ್ಲ. ಹೆಬ್ಬೆಟ್ಟು ಒತ್ತಿಸಾಣ ಅಂದ್ರೆ ಬೆಟ್ಟೇ ಇಲ್ಲ" ಅಂದವರೇ ಉಳಿ ಎತ್ತಿಕೊಂಡು ನನ್ನ ಕಡೆ ತಿರುಗಿದರು. "ನಿಮ್ ಲೈನ್‌ಮನ್ದು ಒಂದು ತೆಗ್ದು ಕೂರಿಸ್ಲಾ?"

ಕಳ್ಳತನ

ಪೆಟ್ಟಿಗೆಯನ್ನು ಏಮಾರಿಸದೆ ಬಿಡಬಾರದು ಅಂತ ನನಗೂ ಹಟ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಶೆಡ್ಡಿಗೆ ನಮ್ಮನೆ ಮಿಕ್ಸಿಯನ್ನು ಚೀಲದಲ್ಲಿ ಕೊಂಡೊಯ್ದು, ಮೂಲೆಯಲ್ಲಿ ಪ್ಲಗ್ ಹಾಕಿ ತಿರುಗಿಸಿದೆ.

ಹೊರಗೆ ಪರದೆ ಮುಂದಿದ್ದ ಮೇಡಂ ಕೂಗಿದರು: "ಅಣ್ಣಾ, ನಿಮ್ಮನೆ ಮಿಕ್ಸಿಗೆ ಇಲ್ಲೇನು ಕೆಲಸ?"

"ನಮ್ದೇ ಅಂತ ಹೆಂಗೇಳ್ತೀರಾ ಮೇಡಂ?"

"ಬೇರಿಂಗ್ ಹೋಗಿದೆಯಲ್ಲ! ಹಿಂಗೆ ನರಳೋ ಮಿಕ್ಸಿ ನಾಲ್ಕು ತಾಲ್ಲೂಕಿಗೂ ನಿಮ್ಮದೊಂದೇ."

ಅಷ್ಟರಲ್ಲಿ ಹೆಂಡತಿಯ ಫೋನು: "ರೀ, ಮನೇಲಿ ಮಿಕ್ಸಿ ಕಳ್ಳತನ ಆಗೈತೆ! ಸ್ಟೇಷನ್ನಿಗೆ ಹೊಂಟಿವ್ನಿ."

"ಹೋಗ್ಬ್ಯಾಡ ಕಣೆ" ಅಂದೆ. "ಕಳ್ಳ ಆಗ್ಲೇ ಸಿಕ್ಕಾಕೊಂಡವ್ನೆ."

ಟೀವಿ

ಕನಕಪುರದ ಕಡೆ ಒಂದು ಮನೆಯ ಲೈನಿಗೆ ಪೆಟ್ಟಿಗೆ ತಗುಲಿಸಿ ವಾರವಾಗಿತ್ತು. ಆ ಮನೆಯ ಅತ್ತೆ ಮೇಡಂನ ಕಿವಿಯಲ್ಲಿ ಕೇಳಿದಳು: "ನಮ್ ಸೊಸೆ ನಂಗೆ ಗೊತ್ತಾಗ್ದಂಗೆ ಟೀವಿ ನೋಡ್ತಾಳಾ, ಒಸಿ ಹೇಳವ್ವ."

"ಮಧ್ಯಾಹ್ನ ಮಾತ್ರ ಓಡುತ್ತಮ್ಮ" ಅಂದರು ಮೇಡಂ.

ಒಳಗಿನಿಂದ ಸೊಸೆಯ ದನಿ: "ಮಧ್ಯಾನ ನಾನು ಹಿಪ್ಪುನೇರಳೆ ಸೊಪ್ಪಿಗೆ ಹೋಗಿರ್ತೀನಿ ಕಣತ್ತೆ!"

ರಾಗಿ ಮಿಲ್ಲು

ದೊಡ್ಡ ಸಾಹೇಬರು ಬಂದದ್ದು ಮಾಗಡಿ ಕಡೆಯ ಒಂದು ರಾಗಿ ಮಿಲ್ಲಿಗೆ. ಆ ಮಿಲ್ಲಿನೊಳಗೆ ಹೋದವರ ತಲೆಯೆಲ್ಲ ಹಿಟ್ಟಾಗುತ್ತಿತ್ತು. ಯಜಮಾನರ ತಲೆ ಮಾತ್ರ ಯಾವಾಗ ನೋಡಿದರೂ ಕರ್ರಗೆ ಫಳಫಳ. ಸಾಹೇಬರು ಹೇಳಿದ್ದಕ್ಕಿಂತ ಬೇಗ ಬಂದುಬಿಟ್ಟರು. ಪರದೆಯ ಮೇಲೆ ಹೆಸರು ಬಂತು: ಮಿಲ್ಲಿನ ಮೋಟಾರು. ಟ್ಯೂಬ್‌ಲೈಟು. ಹೇರ್ ಡ್ರೈಯರು.

"ಏನಮ್ಮ, ಇಲ್ಲಿ ರಾಗಿಗೆ ತಲೆಸ್ನಾನ ಮಾಡಿಸ್ತಾರಾ?" ಅಂದರು ಸಾಹೇಬರು.

ಮೂರನೆಯ ಹೆಸರು ಪರದೆಯಿಂದ ಮಾಯವಾಯಿತು. ಅದೇ ಗಳಿಗೆಗೆ ಹಿಂದಿನ ಕೋಣೆಯಿಂದ ಯಜಮಾನರು ಬಂದರು. "ಅಂಥದ್ದೆಲ್ಲ ನಮ್ಮಲ್ಲಿಲ್ಲ ಬುದ್ಧಿ."

ಮೇಡಂ ನನ್ನ ಕಡೆ ನೋಡಿದರು. ಈ ಸಲ ನಾನಲ್ಲ ಅಂತ ಆಣೆ ಮಾಡಿದೆ. ನನ್ನ ಆಣೆ ನಂಬುವವರು ಇನ್ನೂ ಹುಟ್ಟಬೇಕು.

"ಬಿಚ್ಚಯ್ಯ ಪೆಟ್ಟಿಗೆ" ಅಂದರು ಸಾಹೇಬರು. ನಾನು ಬೇಕಂತಲೇ ನಿಧಾನಕ್ಕೆ ಕಂಬ ಹತ್ತಿದೆ. ಕೆಳಗೆ ಮೇಡಂ ತಲೆ ತಗ್ಗಿಸಿ ವೈರು ಸುತ್ತುತ್ತಿದ್ದರು, ಕಣ್ಣು ತುಂಬಿತ್ತು. ಅದು ಯಜಮಾನರಿಗೆ ಕಂಡಿತು.

"ಒಸಿ ತಡೀರಿ ಬುದ್ಧಿ" ಅಂತ ಅವರು ತಲೆಗೆ ಕೈ ಹಾಕಿದರು. ಕೂದಲು ಅಷ್ಟೂ ಕೈಗೆ ಬಂತು. ವಿಗ್ಗು!

"ಇದ್ರೊಳಗೆ ಹಿಟ್ಟು ಕೂತ್ಕತದೆ. ಒಳಗೆ ಡ್ರೈಯರ್‌ನಲ್ಲಿ ಊದಿ ತೆಗೀತೀನಿ. ನೀವು ಬತ್ತೀರ ಅಂತ ಇವತ್ತು ಒಸಿ ಜಾಸ್ತಿನೇ ಊದ್ದೆ. ಅಳ್ಬ್ಯಾಡ ಕಣವ್ವ. ನಿನ್ ಪೆಟ್ಟಿಗೆ ಸುಳ್ಳು ಹೇಳಿಲ್ಲ, ಸುಳ್ಳು ಹೇಳ್ತಿದ್ದದ್ದು ಇದು."

ರಾಗಿ ಚೀಲ ಹಿಡಿದು ಸಾಲಿನಲ್ಲಿ ನಿಂತಿದ್ದ ಅಜ್ಜಿಯೊಬ್ಬಳು ಅಂದಳು:

"ಅಯ್ಯೋ ಹಾಕ್ಕೊಳಪ್ಪ, ಶೀತ ಆದಾತು. ಊರಿಗೆಲ್ಲ ಯಾವತ್ತೋ ಗೊತ್ತಿತ್ತು. ಪೆಟ್ಟಿಗೆಗೆ ಇವತ್ತು ಗೊತ್ತಾಯ್ತು, ಅಷ್ಟೆ."

ಸಾಹೇಬರು ನಗುನಗುತ್ತಲೇ ಸಹಿ ಹಾಕಿದರು. ಪೆಟ್ಟಿಗೆ ಉಳಿಯಿತು.

ಇದರಲ್ಲಿ ಎಷ್ಟು ನಿಜ ಅಂತೀರಾ? ನನ್ನ ಟೀ ದುಡ್ಡೂ ನೀವೇ ಕೊಟ್ಟರೆ ಎಲ್ಲಾ ನಿಜ.