ರಾಯಬಾಗಕ್ಕೆ ದೊಡ್ಡ ಗಾಡಿ ಬಂದಾಗ

ರಾಯಬಾಗ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಿದ್ದ ನನಗೆ ದಿನಕ್ಕೊಂದು ಆಘಾತ ತಪ್ಪುತ್ತಿರಲಿಲ್ಲ. ಸಣ್ಣ ಗಾಡಿಯ ಹಳಿ ಕಿತ್ತು ಬ್ರಾಡ್‌ಗೇಜ್ ಹಾಕಿದ ವರ್ಷವಂತೂ ತೆರೆದ ಬಾಯಿ ಮುಚ್ಚಲೇ ಇಲ್ಲ.

ಟ್ರೇಲರ್ ಹತ್ತದ ಅಳಿಯ

ಮೊದಲ ದೊಡ್ಡ ಗಾಡಿಯ ಸ್ವಾಗತ ಕಮಿಟಿಗೆ ಕಬ್ಬಿನ ಸಾಹುಕಾರರೊಬ್ಬರು ಅಧ್ಯಕ್ಷರು. ಅವರ ಅಳಿಯ ಮಿರಜದವರು. ಮದುವೆಯಾದ ಮೊದಲ ದೀಪಾವಳಿಗೆ ಹೆಂಡತಿಯೊಂದಿಗೆ ಸಣ್ಣ ಗಾಡಿಯಲ್ಲಿ ಬಂದಿಳಿದರೆ, ಕರೆದೊಯ್ಯಲು ಕಬ್ಬು ಹೇರುವ ಟ್ರ್ಯಾಕ್ಟರ್ ಟ್ರೇಲರ್ ನಿಂತಿತ್ತು. ಅಳಿಯ ಸೀದಾ ನನ್ನ ಕಿಟಕಿಗೆ ಬಂದು ಇಬ್ಬರಿಗೂ ವಾಪಸ್ ಟಿಕೆಟ್ ಕೇಳಿದರು.

"ಬ್ಯಾಂಡ್ ಹಚ್ಚಿ ಕರಕೊಂಡ ಹೋಗೂತನಕ ಈ ಊರಾಗ ಕಾಲ ಇಡಂಗಿಲ್ಲ" ಅಂದರು.

ಆಮೇಲೆ ಮಗಳು ತವರಿಗೆ ಬರಲೇ ಇಲ್ಲ. ಸಾಹುಕಾರರ ಹೆಂಡತಿ ಮಿರಜದ ಗಾಡಿಯ ಹೊತ್ತಿಗೆ ಬಂದು "ನಮ್ಮ ಹುಡುಗಿ ಇಳದಳೇನ್ರಿ?" ಎಂದು ಕೇಳುತ್ತಿದ್ದರು. ಇಲ್ಲ ಅನ್ನಲು ನನಗೇ ಸಂಕಟ. ಬ್ಯಾಂಡಿನವರನ್ನು ಕರೆಸಿಬಿಡಿ ಎಂದು ನಾನೇ ಸಾಹುಕಾರರಿಗೆ ಹೇಳಿ ನೋಡಿದೆ.

"ರೈಲಿಗೆ ಬೇಕಾದ್ರ ಹಚ್ಚೇನ್ರಿ, ಅವ್ರಿಗೆ ಹಚ್ಚಂಗಿಲ್ಲ."

ಹಳಿ ಮೇಲಿನ ಲಿಂಬೆಹಣ್ಣು

ಸ್ವಾಗತದ ದಿನ ಬೆಳಿಗ್ಗೆ ನೋಡುತ್ತೇನೆ, ಹಳಿಯ ಮೇಲೆ ಕಣ್ಣು ಹಾಯುವಷ್ಟು ದೂರ ಲಿಂಬೆಹಣ್ಣು. ಹೊಸ ಟ್ರ್ಯಾಕ್ಟರ್ ತಂದರೆ ಗಾಲಿಗೊಂದು ಲಿಂಬೆ ಇಡುವ ಪದ್ಧತಿ ನಮ್ಮಲ್ಲಿದೆ. ರೈಲಿಗೆ ಗಾಲಿ ಎಷ್ಟೆಂದು ತಿಳಿಯದೆ ಸಂತೆಯ ಲಿಂಬೆಯನ್ನೆಲ್ಲ ತಂದಿದ್ದರು. ನಾನು ಹಳಿಯತ್ತ ಓಡಿದೆ. ತೆಗೆಯಿರಿ ಎಂದೆ.

ಲಿಂಬೆ ಜೋಡಿಸುತ್ತಿದ್ದ ರೈತ ಶಾಂತವಾಗಿ ಕೇಳಿದ, "ಯಾವ ಗಾಲಿ ಬ್ಯಾಡ ಹೇಳ್ರಿ, ಅದರದಷ್ಟ ತಗೀತೇನಿ."

ಎಲ್ಲಿ ನಿಂತಿತು

ಹಳೆಯ ಸಣ್ಣ ಗಾಡಿಯ ಇಂಜಿನ್ ನಿಲ್ಲುತ್ತಿದ್ದ ಜಾಗಕ್ಕೆ ಸರಿಯಾಗಿ ಮಂಟಪ ಹಾಕಿದ್ದರು. ಹೊಸ ಗಾಡಿ ಉದ್ದವೆಂಬುದು ನನ್ನನ್ನೂ ಸೇರಿಸಿ ಯಾರಿಗೂ ಹೊಳೆದಿರಲಿಲ್ಲ. ಬ್ಯಾಂಡು, ಮಂತ್ರಿಗಳು, ರಜೆ ಕೊಡಿಸಿ ಕರೆತಂದ, ಧ್ವಜ ಹಿಡಿದ ಶಾಲೆ ಮಕ್ಕಳು, ಎಲ್ಲ ಸಿದ್ಧ. ಇಂಜಿನ್ ಮಂಟಪ ದಾಟಿತು. ಡಬ್ಬಿಯ ಹಿಂದೆ ಡಬ್ಬಿ ದಾಟಿದವು. ಇಂಜಿನ್ ದೂರ ಕಬ್ಬಿನ ಹೊಲದ ಪಕ್ಕ ಹೋಗಿ ನಿಂತಿತು.

ಅಧ್ಯಕ್ಷರು ಹಾರ ಎದೆಗವಚಿಕೊಂಡು ಓಟ ಕಿತ್ತರು. ಮಂತ್ರಿಗಳೂ ಓಡಿದರು. ಗಾಡಿ ನಿಂತ ಕೂಡಲೇ ಬಾರಿಸಬೇಕೆಂದು ಹೇಳಿದ್ದರಿಂದ ಬ್ಯಾಂಡಿನವರು ಬಾರಿಸಿಯೇಬಿಟ್ಟರು.

ಮಂಟಪದ ಎದುರಿಗೆ ನಿಂತ ಡಬ್ಬಿಯ ಬಾಗಿಲಲ್ಲಿ ಸಾಹುಕಾರರ ಮಗಳು, ಹಿಂದೆ ಅಳಿಯ. ಬೆಳಗಾವಿಯ ಮದುವೆಗೆ ಹೊರಟವರು. ಇಳಿಯುವಂತಿರಲಿಲ್ಲ, ಊರನ್ನಾದರೂ ಕಣ್ತುಂಬ ನೋಡೋಣವೆಂದು ಹುಡುಗಿ ಬಾಗಿಲಿಗೆ ಬಂದಿದ್ದಳು. ಇಂಜಿನ್ನಿಗೆಂದು ತಂದ ಆರತಿಯನ್ನು ತಾಯಿ ಅಳುತ್ತಲೇ ಇಬ್ಬರಿಗೂ ಬೆಳಗಿದರು. ಅಳಿಯ ಮಂಟಪ ನೋಡಿದರು, ಬ್ಯಾಂಡ್ ನೋಡಿದರು. ಬ್ಯಾಗು ಕೆಳಗಿಳಿಸಿ ತಾವೂ ಇಳಿದರು.

ಗಾಡಿ ಹೋಯಿತು. ಮೈತುಂಬ ಕಬ್ಬಿನ ಒಣಗರಿಯ ರವದಿ ಅಂಟಿಸಿಕೊಂಡು ಏದುಸಿರು ಬಿಡುತ್ತ ಅಧ್ಯಕ್ಷರು ವಾಪಸಾದರೆ, ಮಂಟಪದಲ್ಲಿ ಅಳಿಯ ಪೇಢೆ ತಿನ್ನುತ್ತಿದ್ದಾರೆ. ಬ್ಯಾಂಡು ರೈಲಿಗೆಂದು ಸಾಹುಕಾರರು ಹೇಳಿಬಿಟ್ಟರೆ ಗತಿಯೇನೆಂದು ನಾನು ಅವರತ್ತ ಧಾವಿಸಿದೆ.

ಅಳಿಯ ಕಾಲು ಮುಟ್ಟಿ ನಮಸ್ಕರಿಸಿದರು. "ಮಾಮಾ, ನಾ ಬರೇ ಬ್ಯಾಂಡ್ ಕೇಳಿದ್ನಿರಿ. ಸಾಲಿಗೆ ಸೂಟಿ ಕೊಡಸೂದು ಬ್ಯಾಡಾಗಿತ್ತು."

ಸಾಹುಕಾರರು ಮಗಳ ಮುಖ ನೋಡಿದರು. ಮೆಲ್ಲಗೆ ಬೆವರು ಒರೆಸಿಕೊಂಡರು.

"ಇರ್ಲಿ ಬಿಡ್ರಿ ಅಳಿಯಂದಿರ. ಮಂತ್ರಿಗಳನ್ನೂ ಕರಸೇನಿ. ಹಿಂದ ಕಬ್ಬಿನಾಗಿಂದ ಬರಾಕತ್ತಾರ."