ಚಾವಡಿಯಲ್ಲಿ ಎಂಟು ಡಬ್ಬಿ ಸಮುದ್ರ

ಅಷ್ಟಗ್ರಹಗಳು ಮಕರದಲ್ಲಿ ಒಟ್ಟು ಸೇರಿದಾಗ ಲೋಕಕ್ಕೆ ಏನೂ ಆಗಲಿಲ್ಲ, ಎಲ್ಲ ಪೊಳ್ಳು ಎಂದು ಪೇಪರಿನಲ್ಲಿ ಬರೆದವರಿದ್ದಾರೆ. ಅವರು ಒಮ್ಮೆ ಪಾಣೆಮಂಗಳೂರಿಗೆ ಬಂದು ನಮ್ಮ ಚಾವಡಿಯಲ್ಲಿ ಐದು ನಿಮಿಷ ಕುಳಿತುಕೊಳ್ಳಲಿ. ಲೋಕದ ಸುದ್ದಿ ನನಗೆ ಬೇಡ. ನನ್ನ ಪಾಲಿಗೆ ಪ್ರಳಯ ಆಗಿಯೇ ಹೋಯಿತು, ಅದೂ ಹಾಡಹಗಲಲ್ಲಿ, ನನ್ನದೇ ಹೆಂಡತಿಯ ಕೈಯಿಂದ.

‘ನಮ್ಮ ಚಾವಡಿ’ ಎಂದೆನಲ್ಲ, ಅದು ಬಾಯಿತಪ್ಪಿ ಬಂದದ್ದು. ನಮ್ಮದು ಅಳಿಯಸಂತಾನದ ಕಟ್ಟು. ಮನೆ ಅತ್ತೆ ಸೇಸಮ್ಮನವರದ್ದು. ಅವರಿಗೆ ಅವರ ತಾಯಿಯಿಂದ ಬಂದದ್ದು, ಮುಂದೆ ನನ್ನ ಹೆಂಡತಿ ಅಮ್ಮಣಿಗೆ ಹೋಗುವಂಥದ್ದು. ನಡುವೆ ನಾನು, ಹೈಯರ್ ಎಲಿಮೆಂಟರಿ ಶಾಲೆಯ ವಿಜ್ಞಾನದ ಮಾಸ್ಟರು ಧರ್ಣಪ್ಪ, ಹನ್ನೆರಡು ವರ್ಷದಿಂದ ನೆಂಟನ ಹಾಗೆ ಇದ್ದೇನೆ. ಕುರ್ಚಿ ಅತ್ತೆಯದು, ಮಂಚ ಅತ್ತೆಯದು, ಮಳೆಗಾಲದಲ್ಲಿ ನಾನು ಹಿಡಿಯುವ ಕೊಡೆಯೂ ತೀರಿಹೋದ ಮಾವನವರದ್ದು. ‘ಇದು ನನ್ನದು’ ಎಂದು ಬೆರಳು ತೋರಿಸಲು ಒಂದಾದರೂ ವಸ್ತು ಬೇಕೆಂದು ಗಂಡಸಿಗೆ ಅನ್ನಿಸುವುದು ತಪ್ಪೇ? ನೀವೇ ಹೇಳಿ.

ಆ ವಸ್ತು ನನಗೆ ಸೋಮೇಶ್ವರದ ಕಡಲಬದಿಯಲ್ಲಿ ಸಿಕ್ಕಿತು. ನೀರು ಇಳಿದಾಗ ಅಲ್ಲಿನ ಬಂಡೆಯ ಕುಳಿಗಳಲ್ಲಿ ಪಟ್ಟೆಪಟ್ಟೆಯ ಪುಟ್ಟ ಮೀನುಗಳು, ಶಂಖ ಹೊತ್ತು ನಡೆಯುವ ಏಡಿಗಳು, ಮುಟ್ಟಿದರೆ ಮುದುಡುವ ಕಡಲಹೂವುಗಳು ಇರುತ್ತವೆ. ಇವನ್ನು ಮನೆಯಲ್ಲೇ ಸಾಕುವ ಎಂದು ನಿಶ್ಚಯಿಸಿದೆ. ಮಿಠಾಯಿ ಅಂಗಡಿಯವರೊಬ್ಬರು ಮೂಲೆಗೆ ಹಾಕಿದ್ದ ಗಾಜಿನ ಪೆಟ್ಟಿಗೆಯನ್ನು ತಂದು, ಸಂದುಗಳಿಗೆಲ್ಲ ರಾಳ ಮೆತ್ತಿ, ಚಾವಡಿಯಲ್ಲಿ ಪ್ರತಿಷ್ಠಾಪನೆ ಮಾಡಿದೆ. ಅದಕ್ಕೆ ಎಂಟು ಡಬ್ಬಿ ಕಡಲ ನೀರು ಹಿಡಿಯಿತು. ತಂದವನು ಮಂಗಳೂರಿಗೆ ಅಡಿಕೆ ಒಯ್ಯುವ ಲಾರಿಯ ಡ್ರೈವರ್ ಉಮ್ಮರ್.

“ಮಾಸ್ಟ್ರೇ, ಲಾರಿಯಲ್ಲಿ ನಾನು ಎಂತೆಂಥದ್ದೋ ತಂದಿದ್ದೇನೆ. ನೀರು ತಂದದ್ದು ಇದೇ ಮೊದಲು,” ಎಂದ ಅವನು ಡಬ್ಬಿ ಇಳಿಸುತ್ತಾ. “ಅದೂ ನೇತ್ರಾವತಿ ಹರಿಯುವ ಊರಿಗೆ! ದಾರಿಯಲ್ಲಿ ಕೇಳಿದವರಿಗೆ ಎಣ್ಣೆ ಅಂತ ಹೇಳಿದೆ ಮಾರಾಯ್ರೆ, ನನಗೂ ಮರ್ಯಾದೆ ಉಂಟಲ್ಲ.”

ಮೊದಲ ತಂಡದ ಮೀನುಗಳು ಪೆಟ್ಟಿಗೆಯನ್ನು ಕಾಣಲೇ ಇಲ್ಲ. ರಾಳ ಒಣಗುವವರೆಗೆ ಇರಲಿ ಎಂದು ಅತ್ತೆಯ ತಾಮ್ರದ ಹಂಡೆಯನ್ನು ನಾನೇ ಹುಣಸೆಹುಳಿ ಹಾಕಿ ಫಳಫಳ ತಿಕ್ಕಿ, ಅದರಲ್ಲಿ ಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಎಲ್ಲವೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

“ತಾಮ್ರದಲ್ಲಿ ಯಾರಾದ್ರೂ ಮಜ್ಜಿಗೆ ಇಡ್ತಾರಾ? ಉಪ್ಪು, ಹುಳಿ ತಾಗಿದ್ರೆ ಕಿಲುಬು ಬಿಡುದಿಲ್ವಾ?” ಎಂದಳು ಅಮ್ಮಣಿ.

“ಮೊದ್ಲೇ ಹೇಳ್ಬಾರದಿತ್ತಾ?”

“ನೀವು ಕೇಳಿದ್ರಾ? ಸೈನ್ಸ್ ಮಾಸ್ಟ್ರಲ್ವಾ, ಏನೋ ಪ್ರಯೋಗ ಇರ್ಬೇಕು ಅಂತ ಸುಮ್ಮನಿದ್ದೆ.”

(ಎರಡನೆಯ ತಂಡ ಸತ್ತದ್ದು ಕುಚ್ಚಲಕ್ಕಿ ಅನ್ನ ಹೆಚ್ಚಾಗಿ. ಅದರ ವಿವರ ಇಲ್ಲಿ ಬೇಡ. ವಾಸನೆ ಹೋಗಲು ನಾಲ್ಕು ದಿನ ಹಿಡಿಯಿತು.)

ಆಗ ಅತ್ತೆ ಎಲೆಅಡಿಕೆಯ ತಟ್ಟೆ ಬದಿಗೆ ಸರಿಸಿ ತೀರ್ಪು ಕೊಟ್ಟರು: “ಮಾಸ್ಟ್ರೇ, ಇನ್ನೊಂದು ಸಲ ಸತ್ರೆ ಆ ಪೆಟ್ಟಿಗೆ ನನಗೆ. ಹಪ್ಪಳ ಹಾಕಿಡ್ಲಿಕ್ಕೆ ಆಗ್ತದೆ.”

ಇತ್ತ ನಮ್ಮ ಹೆಡ್ಮಾಸ್ಟರು ಕುಶಾಲಪ್ಪನವರು ಸುದ್ದಿ ಕೇಳಿ, ಫೆಬ್ರವರಿ ಐದು, ಸೋಮವಾರ ಮನೆಗೇ ಬಂದು ನೋಡುತ್ತೇನೆ ಎಂದರು. ಮೀನುಗಳು ಚೆನ್ನಾಗಿದ್ದರೆ ವಾರ್ಷಿಕೋತ್ಸವದಲ್ಲಿ ಪೆಟ್ಟಿಗೆಯನ್ನು ಇಟ್ಟು, ಮೇಲೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು ಬರೆಸುವುದು ಎಂದು ಮಾತಾಯಿತು. ನನ್ನ ಹೆಸರು! ಆ ಮನೆಯ ರೇಷನ್ ಕಾರ್ಡಿನಲ್ಲೂ ಅದು ಕೊನೆಯ ಸಾಲಿನಲ್ಲಿದೆ.

ಮೂರನೆಯ ತಂಡವನ್ನು ನಾನು ಕಣ್ಣಿನ ಗೊಂಬೆಯ ಹಾಗೆ ನೋಡಿಕೊಂಡೆ. ಸೈಕಲ್ ಟ್ಯೂಬಿಗೆ ಗಾಳಿ ತುಂಬಿ, ಅದು ಸಣ್ಣ ನಳಿಗೆಯಲ್ಲಿ ಗುಳುಗುಳು ಎಂದು ನೀರಿಗೆ ಇಳಿಯುವ ಏರ್ಪಾಡು ಮಾಡಿದೆ. ಬಿಸಿಲಿಗೂ ಗಾಳಿಗೂ ನೀರು ದಿನಕ್ಕೆ ಅರ್ಧ ಬೆರಳು ಆರುತ್ತಿತ್ತು. ಆರಿದಷ್ಟನ್ನೂ ಉಮ್ಮರ್ ತರುವ ಕಡಲ ನೀರಿನಿಂದಲೇ ತುಂಬುತ್ತಿದ್ದೆ. ‘ಒಂದು ತೊಟ್ಟು ಬಾವಿನೀರೂ ಬೀಳಕೂಡದು’ ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟೆ. ಒಂದು ತಿಂಗಳು ನಡೆಯಿತು. ಆಮೇಲೆ, ಹೆಡ್ಮಾಸ್ಟರು ಬರಲು ನಾಲ್ಕೇ ದಿನ ಇರುವಾಗ, ಮೀನುಗಳು ಮೂಲೆ ಹಿಡಿದವು. ಕಡಲಹೂವು ಮುಷ್ಟಿಯಾಯಿತು. ಕಡಲು ಸಾಲದು, ಇನ್ನಷ್ಟು ಕಡಲು ಬೇಕು ಎಂದು ನಿರ್ಣಯಿಸಿ ನಾಲ್ಕು ಡಬ್ಬಿ ಹೆಚ್ಚಿಗೆ ತರಿಸಿ, ಭಾನುವಾರ ಸಂಜೆ ಸುರಿಯಲು ಇಟ್ಟೆ.

ಭಾನುವಾರವೇ ಆ ಅಷ್ಟಗ್ರಹದ ಅಮಾವಾಸ್ಯೆ. ಸೋಮೇಶ್ವರಕ್ಕೆ ಹೋಗಿ ಸಮುದ್ರಸ್ನಾನ ಮಾಡಬೇಕು, ಕರೆದುಕೊಂಡು ಹೋಗಿ ಎಂದು ಅತ್ತೆ ಒಂದು ವಾರದಿಂದ ಕೇಳುತ್ತಿದ್ದರು. ನಾನು ಗ್ರಹಗಳ ಚಲನೆಯ ಬಗ್ಗೆ ಮುಕ್ಕಾಲು ಗಂಟೆ ಪಾಠ ಮಾಡಿ, ಮೂಢನಂಬಿಕೆಗೆ ವಿಜ್ಞಾನದ ಮಾಸ್ಟ್ರು ಜೊತೆ ಬರುವುದಿಲ್ಲ ಎಂದಿದ್ದೆ. ಅತ್ತೆ ಏನೂ ಹೇಳಲಿಲ್ಲ. ಅವರು ಏನೂ ಹೇಳದಿದ್ದರೆ ಹೆದರಬೇಕು, ಹನ್ನೆರಡು ವರ್ಷವಾದರೂ ನನಗೆ ಅಷ್ಟು ಬುದ್ಧಿ ಬಂದಿಲ್ಲ.

ಅಂದು ಬೆಳಿಗ್ಗೆ ಟ್ಯೂಬು ಪಂಕ್ಚರ್ ಆಯಿತು. ಗ್ರಹಗಳಿಗೆ ಹೆದರಿ ಊರಿನ ಸೈಕಲ್ ಅಂಗಡಿಯವನು ಬಾಗಿಲೇ ತೆಗೆದಿರಲಿಲ್ಲ. ಟ್ಯೂಬನ್ನು ಹೆಗಲಿಗೆ ಹಾಕಿಕೊಂಡು ಕಲ್ಲಡ್ಕಕ್ಕೆ ಹೋಗಿ, ಪ್ಯಾಚ್ ಹಾಕಿಸಿ, ಮಧ್ಯಾಹ್ನ ಬೆವರು ಸುರಿಸುತ್ತಾ ಮರಳಿದೆ.

ಅಂಗಳ ತುಂಬ ನೀರು. ನೆರೆಮನೆಯ ಪೂವಮ್ಮ ಮತ್ತು ಇನ್ನು ಮೂವರು ಮುದುಕಿಯರು ಪೂರ್ವಕ್ಕೆ ಮುಖ ಮಾಡಿ ಸಾಲಾಗಿ ಕುಳಿತಿದ್ದಾರೆ. ಅಮ್ಮಣಿ ಸೆರಗು ಸಿಕ್ಕಿಸಿಕೊಂಡು, ನನ್ನ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ, “ಪೂವಕ್ಕ, ಮೂಗು ಮುಚ್ಚಿ, ಅಲೆ ಬಂತು!” ಎಂದು ಸುರಿಯುತ್ತಿದ್ದಾಳೆ. ಅತ್ತೆ ಒದ್ದೆ ಕೂದಲು ಕೊಡವುತ್ತಾ ಮೆಟ್ಟಿಲ ಮೇಲೆ ನಿಂತಿದ್ದಾರೆ, ಮುಖದಲ್ಲಿ ಕಾಶಿಗೆ ಹೋಗಿಬಂದ ಕಳೆ.

“ಅಯ್ಯೋ! ಅದು ಮೀನಿನ ನೀರು!” ಎಂದು ಕಿರುಚಿದೆ.

“ಸಮುದ್ರದ್ದೇ ಅಲ್ವಾ ಮಾಸ್ಟ್ರೇ?” ಎಂದರು ಅತ್ತೆ. “ನಾವು ಸಮುದ್ರಕ್ಕೆ ಹೋಗುದು ಬೇಡ ಅಂದ್ರಿ. ಸಮುದ್ರ ಮನೆಗೇ ಬಂದಿದೆ, ಮೀಯದೆ ಬಿಡ್ಲಿಕ್ಕೆ ಆಗ್ತದಾ?”

ಒಳಗೆ ಓಡಿದೆ. ನಾಲ್ಕು ಡಬ್ಬಿಯೂ ಖಾಲಿ. ಅಷ್ಟೇ ಆಗಿದ್ದರೆ ಸಹಿಸುತ್ತಿದ್ದೆನೋ ಏನೋ. ಪೆಟ್ಟಿಗೆಯಿಂದಲೂ ಎರಡು ಡಬ್ಬಿ ಎತ್ತಿದ್ದರು! ಎತ್ತಿದ ಜಾಗಕ್ಕೆ ಏನು ಹಾಕಿದ್ದಾರೆ ಎಂದು ನೋಡಿದರೆ, ಪಕ್ಕದಲ್ಲೇ ಬಾವಿಯ ಕೊಡಪಾನ. ಗೋಡೆಯ ಮೇಲಿನ ನನ್ನ ಬರಹಕ್ಕೆ ಆನಿಸಿ ಇಟ್ಟಿದ್ದರು.

“ಕೊಂದ್ರಿ! ನನ್ನ ಮೀನುಗಳನ್ನು ಕೊಂದ್ರಿ!” ಎಂದು ಕೊಡಪಾನವನ್ನು ದೂರ ತಳ್ಳಿದೆ. “ಈ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ!”

ಹಿಂದೆಯೇ ಒಳಗೆ ಬಂದ ಅಮ್ಮಣಿ ಕೈಯಲ್ಲಿದ್ದ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟಳು. ಅತ್ತೆ ಮಾತ್ರ ಜಗ್ಗಲಿಲ್ಲ.

“ಬೊಬ್ಬೆ ಹಾಕ್ಬೇಡಿ. ಮೀಯುವ ಮೊದ್ಲು ಒಂದು ಹನಿ ಬಾಯಿಗೆ ಹಾಕುದು ಕ್ರಮ. ಡಬ್ಬಿಯದ್ದು ಕಡಲ ನೀರೇ. ನಿಮ್ಮ ಪೆಟ್ಟಿಗೆಯದ್ದು ಮಾವಿನಮಿಡಿ ಭರಣಿಯ ಹಾಗೆ ನಾಲಿಗೆ ಸುಡ್ತದೆ. ಸೋಮೇಶ್ವರದ ರುಚಿ ಬರುವವರೆಗೆ ಬಾವಿನೀರು ಹಾಕಿದೆ.”

“ಬಾವಿನೀರು ಹಾಕಿದ್ರೆ ಕಡಲಿನ ಮೀನು ಸಾಯ್ತದೆ ಅತ್ತೆ!”

“ಸಾರು ಬತ್ತಿದ್ರೆ ನೀರು ಹಾಕ್ತಾರೆ. ನೀವು ಒಂದು ತಿಂಗಳಿಂದ ಉಪ್ಪುನೀರೇ ಹಾಕ್ತಾ ಇದ್ದೀರಿ. ನೀರು ಆರ್ತದೆ, ಉಪ್ಪು ಎಲ್ಲಿಗೆ ಹೋಗ್ತದೆ ಮಾಸ್ಟ್ರೇ?”

ಓದುಗರೇ, ಐದನೆಯ ತರಗತಿಗೆ ‘ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ’ ಎಂಬ ಪಾಠವನ್ನು ನಾನು ಹದಿನಾಲ್ಕು ವರ್ಷ ಮಾಡಿದ್ದೇನೆ. ಬಸಿತಟ್ಟೆಯಲ್ಲಿ ಉಪ್ಪುನೀರು ತೆಗೆದುಕೊಂಡು ಕಿಟಕಿಯ ಬಳಿ ಇಟ್ಟು ತೋರಿಸಿಯೂ ಇದ್ದೇನೆ. ಆದರೂ ಆ ಹೊತ್ತು ನಾನು, “ಅದು ಬೇರೆ, ಇದು ಬೇರೆ,” ಎಂದೆ.

ಮರುದಿನ ಬೆಳಿಗ್ಗೆ, ಇನ್ನು ಹಪ್ಪಳಕ್ಕೇ ಎಂದುಕೊಂಡಿದ್ದ ಪೆಟ್ಟಿಗೆಯನ್ನು ನೋಡಲು ಧೈರ್ಯ ಮಾಡಿ ಎದ್ದೆ. ಮೀನುಗಳು ಹೊಸ ಅಳಿಯಂದಿರ ಹಾಗೆ ಓಡಾಡುತ್ತಿದ್ದವು. ಕಡಲಹೂವು ಅಂಗೈಯಷ್ಟು ಅರಳಿತ್ತು. ನನಗೆ ಸಂತೋಷವಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಸಾಯಬೇಕಿತ್ತು ಎಂದಲ್ಲ, ಇಷ್ಟು ಚೆನ್ನಾಗಿ ಬದುಕಬೇಕಾದ ಅಗತ್ಯ ಏನಿತ್ತು?

ಒಂಬತ್ತು ಗಂಟೆಗೆ ಕುಶಾಲಪ್ಪನವರು ಬಂದರು. ಬಗ್ಗಿ ನೋಡಿದರು, ಕುಳಿತು ನೋಡಿದರು. “ಭಾರೀ ಲಾಯ್ಕ ಉಂಟು ಧರ್ಣಪ್ಪನವರೇ. ಇದು ಆರುದಿಲ್ವಾ? ಆರಿದ್ರೆ ಎಂತ ಹಾಕ್ತೀರಿ?”

ನಾನು ಗಂಟಲು ಸರಿಮಾಡಿಕೊಂಡೆ. “ಅದೊಂದು ಶಾಸ್ತ್ರೀಯ ಕ್ರಮ ಸಾರ್...”

“ಬಾವಿನೀರು,” ಎಂದರು ಅತ್ತೆ, ಕಾಫಿ ಇಡುತ್ತಾ. ಆಮೇಲೆ ಸಾರಿನಿಂದ ಹಿಡಿದು ಸೋಮೇಶ್ವರದವರೆಗೆ, ತಾಮ್ರದ ಹಂಡೆಯನ್ನೂ ಕುಚ್ಚಲಕ್ಕಿಯನ್ನೂ ಬಿಡದೆ, ಎಲ್ಲವನ್ನೂ ಹೇಳಿದರು. ಹೆಡ್ಮಾಸ್ಟರು ಕಾಫಿ ಕುಡಿಯುವುದನ್ನೇ ಮರೆತು ಕೇಳಿದರು.

“ಅಮ್ಮ, ನೀವು ಶನಿವಾರ ಶಾಲೆಗೆ ಬಂದು ಐದನೇ ಕ್ಲಾಸಿಗೆ ಇದನ್ನೇ ಹೇಳ್ಬೇಕು,” ಎಂದರು.

“ಬರ್ತೇನೆ,” ಎಂದರು ಅತ್ತೆ. “ಮಾಸ್ಟ್ರೂ ಕೂತು ಕೇಳ್ಲಿ.”

ವಾರ್ಷಿಕೋತ್ಸವದವರೆಗೂ ಕಾಯದೆ ಶನಿವಾರವೇ ಪೆಟ್ಟಿಗೆ ಶಾಲೆಯಲ್ಲಿತ್ತು. ಮೇಲೆ ದಪ್ಪ ಅಕ್ಷರದಲ್ಲಿ ‘ಶ್ರೀಮತಿ ಸೇಸಮ್ಮ, ಪಾಣೆಮಂಗಳೂರು’ ಎಂದಿತ್ತು. ಬರೆದವನು ನಾನು, ಏಕೆಂದರೆ ಶಾಲೆಯಲ್ಲಿ ಚೆಂದದ ಅಕ್ಷರ ನನ್ನದೇ. ಹಿಂದಿನ ಬೆಂಚಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕುಳಿತಿದ್ದೆ. ಅತ್ತೆ ಪಾಠ ಮುಗಿಸಿ, “ನೀರು ಆರಿದ್ರೆ ಉಪ್ಪು ಎಲ್ಲಿಗೆ ಹೋಗ್ತದೆ?” ಎಂದು ಕೇಳಿದರು. ಮೂವತ್ತೆಂಟು ಕೈಗಳು ಮೇಲೆದ್ದವು. ಅವರು ಆ ಕೈಗಳನ್ನೆಲ್ಲ ದಾಟಿ ನನ್ನ ಕಡೆ ನೋಡಿದರು.

“ಮಾಸ್ಟ್ರು ಹೇಳ್ಲಿ.”

ನಾನು ಎದ್ದು ನಿಂತೆ. “ಎಲ್ಲಿಗೂ ಹೋಗುದಿಲ್ಲ. ಅಲ್ಲೇ ಉಳಿತದೆ,” ಎಂದೆ.

“ಸರಿ,” ಎಂದರು ಅತ್ತೆ, “ಕೂತುಕೊಳ್ಳಿ.”